ಬೆಂಡು ಮುಳುಗಿತು, ಮೀನು ಸಿಗಲಿಲ್ಲ: ಕೊಯಮತ್ತೂರು ಕೆರೆಕಲ್ಲುಗಳ ಮೇಲೆ ಕಲಿತ ಪಾಠಗಳು

‘ಕಚ್ಚುತ್ತದೆ, ಸಿಗುವುದಿಲ್ಲ.’ ಸೂಲೂರು ಕೆರೆ ಏರಿಯ ಮೇಲೆ ಕೂತರೂ ಇದೇ ದೂರು, ಆಳಿಯಾರಿನ ದಡದಲ್ಲಿ ಕೂತರೂ ಇದೇ. ತಮಿಳಿನಲ್ಲಿ ಹೇಳುವವರು ಹೆಚ್ಚು, ಕನ್ನಡದಲ್ಲಿ ಹೇಳುವವರೂ ಈ ಕಡೆ ಕಡಿಮೆಯೇನಿಲ್ಲ. ನಾನು ಗಾಳ ಹಿಡಿಯಲು ಕಲಿತದ್ದು ಬೈಂದೂರಿನ ಕಡಲ ಬಂಡೆಗಳ ಮೇಲೆ. ಹೋಟೆಲ್ ಕೆಲಸ ಕೊಯಮತ್ತೂರಿಗೆ ಕರೆತಂದ ಮೇಲೆ ಅದೇ ಬೆಂಡಿನ ಗಾಳವನ್ನು ನೊಯ್ಯಲ್ ಹೊಳೆಯ ಸಾಲುಕೆರೆಗಳಿಗೆ, ಪೊಳ್ಳಾಚಿ-ಉಡುಮಲೈ ಕಡೆಯ ಅಣೆಕಟ್ಟುಗಳಿಗೆ ಒಗ್ಗಿಸಿಕೊಂಡೆ. ಕಡಲಿನಲ್ಲಾಗಲಿ ಕೆರೆಯಲ್ಲಾಗಲಿ, ಕಲ್ಲಿನ ಮೇಲೆ ಕೂತು ಬೆಂಡು ನೋಡುವವನ ಕಷ್ಟ ಒಂದೇ. ಮೀನು ತಪ್ಪಿದಾಗ ಎಲ್ಲರೂ ತಮ್ಮ ಕೈಯನ್ನು ಬೈದುಕೊಳ್ಳುತ್ತಾರೆ: ಬೇಗ ಜಗ್ಗಿದೆ, ತಡವಾಗಿ ಜಗ್ಗಿದೆ ಎಂದು. ಇಷ್ಟು ಕಾಲದ ಅನುಭವದಲ್ಲಿ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಬೇರೆ. ಮೀನು ಸಿಗುವುದೋ ತಪ್ಪುವುದೋ ಎಂಬುದು ಬಹುಪಾಲು ಜಗ್ಗುವ ಮೊದಲೇ ತೀರ್ಮಾನವಾಗಿರುತ್ತದೆ. ಬೆಂಡಿಗೆ ಎಷ್ಟು ಸೀಸ ಕೊಟ್ಟಿದ್ದೇವೆ, ಕೊಕ್ಕೆಯ ಮೊನೆ ಎಲ್ಲಿದೆ, ಕೋಲಿಗೂ ಬೆಂಡಿಗೂ ನಡುವೆ ದಾರ ಹೇಗೆ ಬಿದ್ದಿದೆ ಎಂಬುದರಲ್ಲಿ.

1. ಬೆಂಡು ನೀರಿನಿಂದ ಎದ್ದು ನಿಲ್ಲಬಾರದು

ಅಂಗಡಿಯಲ್ಲಿ ಸಿಗುವ ದಪ್ಪ ಪ್ಲಾಸ್ಟಿಕ್ ಬೆಂಡು, ಅದರ ಕೆಳಗೆ ಒಂದೇ ಒಂದು ಸೀಸದ ಗುಂಡು, ಮೇಲೆ ಅರ್ಧ ಬೆಂಡು ಕೆಂಪಗೆ ತೇಲುತ್ತಿದೆ. ದೂರದಿಂದ ಚೆನ್ನಾಗಿ ಕಾಣುತ್ತದೆ ಎಂಬುದೊಂದೇ ಅದರ ಗುಣ. ಲೆಕ್ಕ ಹಾಕಿ ನೋಡಿ. 4 ಗ್ರಾಂ ಸೀಸ ಹೊರಬಲ್ಲ ಬೆಂಡಿಗೆ 2 ಗ್ರಾಂ ಮಾತ್ರ ಕೊಟ್ಟರೆ, ಅದನ್ನು ಪೂರ್ತಿ ಮುಳುಗಿಸಲು ಮೀನು ಇನ್ನೂ 2 ಗ್ರಾಂನಷ್ಟು ಎದುರೆಳೆತ ತಾಳಬೇಕು. ಹಸಿದ ದೊಡ್ಡ ಮೀನು ತಾಳೀತು. ಈ ಕಡೆಯ ಕೆರೆಗಳಲ್ಲೆಲ್ಲ ತುಂಬಿರುವ ಜಿಲೇಬಿ (ತಿಲಾಪಿಯ) ಮೀನು ತಾಳುವುದಿಲ್ಲ. ಅದು ಎರೆಯನ್ನು ಹಲ್ಲಿನಿಂದ ಹಿಡಿದು ಎಳೆಯುವ ಜಾತಿಯದಲ್ಲ. ಬಾಯಿ ತೆರೆದು ನೀರಿನ ಸಮೇತ ಒಳಗೆ ಹೀರುತ್ತದೆ, ಏನೋ ಸರಿಯಿಲ್ಲ ಅನ್ನಿಸಿದರೆ ಅದೇ ದಾರಿಯಲ್ಲಿ ಉಗುಳುತ್ತದೆ. ಮೇಲೆ ನಮಗೆ ಕಾಣುವುದು ಬೆಂಡಿನ ಒಂದು ಸಣ್ಣ ನಡುಕ ಮಾತ್ರ. ನಾವು ಜಗ್ಗುವ ಹೊತ್ತಿಗೆ ಕೊಕ್ಕೆ ಅದರ ಬಾಯಿಂದ ಆಚೆ ಬಂದಿರುತ್ತದೆ.

ಹಾಗಾಗಿ ಬೆಂಡಿನ ತುದಿ ನೀರಿನ ಮೇಲೆ ಒಂದು ಅಕ್ಕಿಕಾಳಿನಷ್ಟು ಮಾತ್ರ ಕಾಣುವವರೆಗೆ ಸೀಸ ಸೇರಿಸಬೇಕು. ಇದನ್ನು ಕೆರೆಯ ಮೇಲೆ ಗಾಳಿಯಲ್ಲಿ ಮಾಡಲು ಹೋಗಬೇಡಿ. ಮನೆಯಲ್ಲಿ ಬಕೆಟ್ ನೀರಿಟ್ಟು, ಕೊಕ್ಕೆಯನ್ನೂ ಕಟ್ಟಿ, ಒಂದೊಂದೇ ಗುಂಡು ಹಚ್ಚುತ್ತ ನೋಡಿ. ನಾನು ಬಳಸುವುದು ನವಿಲುಗರಿಯ ದಂಟು. ಪಲ್ಲಡಂ, ಕಾಂಗೇಯಂ ಕಡೆಯ ಹೊಲಗಳಲ್ಲಿ ನವಿಲಿಗೆ ಬರವಿಲ್ಲ. ಉದುರಿದ ಗರಿ ದಾರಿಯಲ್ಲೇ ಸಿಗುತ್ತದೆ. ಗರಿಯ ಬುಡದ ಬಿಳಿ ದಂಟನ್ನು ನಾಲ್ಕೈದು ಇಂಚಿಗೆ ಕತ್ತರಿಸಿ, ಎರಡೂ ತುದಿಗೆ ಉಗುರುಬಣ್ಣ ಹಚ್ಚಿ ನೀರು ಹೋಗದಂತೆ ಮುಚ್ಚಿದರೆ ಆಯಿತು. ತೆಳ್ಳಗಿರುವುದರಿಂದ ಅದು ಮೀನಿಗೆ ಎದುರೆಳೆತ ಕೊಡುವುದು ಬಹಳ ಕಡಿಮೆ.

ಸೀಸ ಎಷ್ಟು ಎಂಬಷ್ಟೇ ಮುಖ್ಯ ಎಲ್ಲಿ ಎಂಬುದು. ಎಲ್ಲ ಗುಂಡುಗಳನ್ನೂ ಬೆಂಡಿನ ಬುಡದಲ್ಲೇ ಒತ್ತಿಬಿಟ್ಟರೆ, ಮೀನು ಎರೆ ಹಿಡಿದು ಅರ್ಧ ಅಡಿ ಸರಿದರೂ ಮೇಲೆ ಏನೂ ತಿಳಿಯುವುದಿಲ್ಲ. ದೊಡ್ಡ ಗುಂಡುಗಳು ದಾರದ ಕೆಳಭಾಗದಲ್ಲಿ ಒಟ್ಟಾಗಿರಲಿ. ಕಟ್ಟಕಡೆಯ ಸಣ್ಣ ಗುಂಡು ಕೊಕ್ಕೆಯಿಂದ ನಾಲ್ಕೈದು ಇಂಚು ಮೇಲಿರಲಿ. ಈ ಸಣ್ಣ ಗುಂಡೇ ಕಣ್ಣು. ಮೃಗಾಲ್, ಸಾಮಾನ್ಯ ಗೆಂಡೆಗಳು ತಳದ ಎರೆಯನ್ನು ಬಾಯಿಗಿಟ್ಟು ತಲೆ ಎತ್ತಿದಾಗ ಆ ಗುಂಡಿನ ಭಾರ ಬೆಂಡಿನ ಮೇಲಿಂದ ಇಳಿಯುತ್ತದೆ; ಬೆಂಡು ಮುಳುಗುವ ಬದಲು ಮೇಲೇಳುತ್ತದೆ, ಕೆಲವೊಮ್ಮೆ ಅಡ್ಡ ಮಲಗುತ್ತದೆ. ಹೊಸಬರು ಅದನ್ನು ನೋಡುತ್ತ, ‘ಇನ್ನೇನು ಮುಳುಗುತ್ತದೆ’ ಎಂದು ಕಾಯುತ್ತಾರೆ. ಬೆಂಡು ಎದ್ದಾಗಲೇ ಜಗ್ಗಬೇಕು. ನನ್ನ ಪಾಲಿಗೆ ಅತಿ ಹೆಚ್ಚು ಗೆಂಡೆ ಮೀನು ಬಂದಿರುವುದು ಎದ್ದ ಬೆಂಡಿಗೆ, ಮುಳುಗಿದ ಬೆಂಡಿಗಲ್ಲ.

2. ಮೊನೆಯನ್ನು ಉಗುರಿನ ಮೇಲೆ ಎಳೆದು ನೋಡಿ

ಕೊಕ್ಕೆಯನ್ನು ಹೆಬ್ಬೆರಳ ಉಗುರಿನ ಮೇಲೆ ಇಟ್ಟು ಒತ್ತದೆ ಎಳೆಯಿರಿ. ಉಗುರಿಗೆ ಕಚ್ಚಿ ನಿಂತರೆ ಮೊನೆ ಸರಿಯಿದೆ, ಜಾರಿದರೆ ಹೋಯಿತು. ಕೆರೆ ಏರಿಗೆ ಒಳಮೈಯಲ್ಲಿ ಕಲ್ಲು ಜೋಡಿಸಿರುವುದರಿಂದ ಪ್ರತಿ ಸಲ ದಾರ ಎಳೆದಾಗಲೂ ಮೊನೆ ಕಲ್ಲಿಗೆ ಉಜ್ಜುತ್ತದೆ. ಒಮ್ಮೆ ಕಲ್ಲುಸಂದಿಗೆ ಸಿಕ್ಕಿ ಬಿಡಿಸಿಕೊಂಡ ಕೊಕ್ಕೆಯನ್ನು ಪರೀಕ್ಷಿಸದೆ ಮತ್ತೆ ನೀರಿಗೆ ಬಿಡಲೇಬಾರದು. ಮೊನೆ ಮಡಚಿದ್ದರೆ ಬದಲಿಸಿಬಿಡಿ. ಅರದಲ್ಲಿ ಉಜ್ಜಿ ಉಳಿಸಿಕೊಳ್ಳುವಷ್ಟು ದುಬಾರಿ ವಸ್ತುವಲ್ಲ ಅದು.

ಅಳತೆಯ ವಿಷಯದಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಕೊಕ್ಕೆ ಸಣ್ಣದು ಎಂಬುದು ನೆನಪಿರಲಿ. ಜಿಲೇಬಿಗೆ 10 ಅಥವಾ 12, ರೋಹು-ಮೃಗಾಲ್‌ಗೆ 6 ಅಥವಾ 8. ದೊಡ್ಡ ಮೀನಿನ ಆಸೆಗೆ ದೊಡ್ಡ ಕೊಕ್ಕೆ ಹಾಕುವವರೇ ಹೆಚ್ಚು. ಆದರೆ ಜಿಲೇಬಿಯ ಬಾಯಿ ಅದರ ಮೈಗೆ ಹೋಲಿಸಿದರೆ ಸಣ್ಣದು, ದೊಡ್ಡ ಕೊಕ್ಕೆ ಒಳಗೇ ಹೋಗುವುದಿಲ್ಲ.

3. ಎರೆ ಕೊಕ್ಕೆಯನ್ನು ನುಂಗಬಾರದು

ಇಲ್ಲಿ ನಡೆಯುವ ಎರೆ ಮೂರು: ಎರೆಹುಳು, ಮೈದಾ ಕಲಸು, ಪರೋಟದ ತುಣುಕು. ಹುಳುವನ್ನು ಉದ್ದಕ್ಕೆ ಜೋತುಬಿಟ್ಟರೆ ಮೀನು ಜೋಲುವ ತುದಿಯನ್ನು ಕಿತ್ತುಕೊಂಡು ಹೋಗುತ್ತದೆ. ಬೆಂಡು ಕುಣಿಯುತ್ತದೆ, ಕೊಕ್ಕೆ ಮಾತ್ರ ಅದರ ಬಾಯಿಯ ಹತ್ತಿರವೂ ಹೋಗಿರುವುದಿಲ್ಲ. ಅರ್ಧ ಇಂಚಿಗಿಂತ ಹೆಚ್ಚು ಬಾಲ ಬಿಡಬೇಡಿ. ಸಣ್ಣ ಮೀನು ಕಾಡುತ್ತಿದ್ದರೆ ಹುಳುವನ್ನು ತುಂಡು ಮಾಡಿ ಕೊಕ್ಕೆಯ ಬಾಗಿಗೆ ತಕ್ಕಷ್ಟು ಮಾತ್ರ ಏರಿಸಿ.

ಮೈದಾ ಕಲಸಿನ ಕತೆ ಇನ್ನೂ ಸೂಕ್ಷ್ಮ. ನೀರಿನಲ್ಲಿ ಕರಗದಿರಲಿ ಎಂದು ಅದಕ್ಕೆ ಹತ್ತಿ ಬೆರೆಸುವ ರೂಢಿ ನಮ್ಮಲ್ಲೆಲ್ಲ ಇದೆ. ತಿರುಪ್ಪೂರಿನಲ್ಲಂತೂ ಹತ್ತಿಗೆ ಏನು ಕೊರತೆ! ಬನಿಯನ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗರು ಜೇಬಿನಲ್ಲಿ ತುಂಬಿಕೊಂಡು ಬರುತ್ತಾರೆ, ಧಾರಾಳವಾಗಿ ಬೆರೆಸುತ್ತಾರೆ. ಅಲ್ಲೇ ತಪ್ಪುವುದು. ಹತ್ತಿಯ ಎಳೆಗಳು ಮೊನೆಗೆ ಸುತ್ತಿಕೊಂಡು ಅದನ್ನು ಮೆತ್ತನೆಯ ಉಂಡೆಯೊಳಗೆ ಮುಚ್ಚಿಬಿಡುತ್ತವೆ. ಮೀನು ಉಂಡೆಯನ್ನು ಬಾಯಲ್ಲಿ ಹಿಡಿದಿದೆ, ನೀವು ಸರಿಯಾದ ಹೊತ್ತಿಗೇ ಜಗ್ಗಿದ್ದೀರಿ, ಆದರೂ ಉಂಡೆ ಇಡಿಯಾಗಿ ಅದರ ತುಟಿಯಿಂದ ಜಾರಿ ಬರುತ್ತದೆ. ಜಗ್ಗಿ ಎಳೆದ ಮೇಲೂ ಕೊಕ್ಕೆಯಲ್ಲಿ ಉಂಡೆ ದುಂಡಗೆ ಉಳಿದಿದ್ದರೆ ಕಲಸು ಗಟ್ಟಿಯಾಯಿತು ಎಂದೇ ಅರ್ಥ. ನಾಲ್ಕೈದು ನಿಮಿಷ ನೀರಿನಲ್ಲಿ ನಿಲ್ಲುವಷ್ಟು, ಒಂದು ಜಗ್ಗಿಗೆ ಒಡೆಯುವಷ್ಟು ಮೆತ್ತಗಿರಬೇಕು. ಸ್ವಲ್ಪ ಕಡಲೆಹಿಟ್ಟು ಸೇರಿಸಿದರೆ ಈ ಹದ ಬೇಗ ಬರುತ್ತದೆ, ಹತ್ತಿ ನೂಲಿನಷ್ಟು ಸಾಕು. ಉಂಡೆ ಕಡಲೆಕಾಳಿಗಿಂತ ದೊಡ್ಡದಾಗುವುದು ಬೇಡ. ಕಟ್ಟಿದ ಮೇಲೆ ಮೊನೆಯನ್ನು ಬೆರಳಿಂದ ತಡಕಿ, ಅದು ಹೊರಗೆ ಚುಚ್ಚಬೇಕು. ಮೀನು ಮೊನೆಯನ್ನು ಕಂಡು ಹೆದರುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಈ ಕೆರೆಗಳ ಹಸಿರು ಕಲಕು ನೀರಿನಲ್ಲಿ ಅದು ಕಾಣುವುದಾದರೂ ಎಷ್ಟು?

4. ಆಳ ನಿನ್ನೆಯದಲ್ಲ, ಈ ಹೊತ್ತಿನದು

ಆಳಿಯಾರು, ತಿರುಮೂರ್ತಿ, ಅಮರಾವತಿ ಮೂರೂ ನೀರಾವರಿಯ ಅಣೆಕಟ್ಟುಗಳು. ಕಾಲುವೆಗೆ ನೀರು ಬಿಟ್ಟರೆ ಮಟ್ಟ ಇಳಿಯುತ್ತದೆ, ಬೆಟ್ಟದಲ್ಲಿ ಮಳೆ ಬಿದ್ದರೆ ಏರುತ್ತದೆ. ಕಳೆದ ವಾರ ದಾರದಲ್ಲಿ ಮಾಡಿದ ಗುರುತನ್ನು ನಂಬಿ ಕೂತರೆ ಎರೆ ತಳದಿಂದ ಎರಡಡಿ ಮೇಲೆ ತೂಗುತ್ತಿರುತ್ತದೆ, ಇಲ್ಲವೇ ತಳದಲ್ಲಿ ಸುರುಳಿಯಾಗಿ ಬಿದ್ದಿರುತ್ತದೆ. ಎರಡನೆಯದು ಹೆಚ್ಚು ಕೆಟ್ಟದ್ದು. ಸಡಿಲ ದಾರ ಇರುವಷ್ಟು ಹೊತ್ತೂ ಮೀನು ಆರಾಮವಾಗಿ ತಿಂದು ಉಗುಳಬಹುದು. ಕೊಕ್ಕೆಗೆ ಒಂದು ತೂಕದ ಸೀಸ ಸಿಕ್ಕಿಸಿ ಇಳಿಬಿಟ್ಟು ಆಳ ನೋಡಿ, ಎರೆ ತಳವನ್ನು ಕೇವಲ ಮುಟ್ಟುವಂತೆ ಬೆಂಡನ್ನು ಸರಿಸಿ.

ಕೋಲಿನ ಉದ್ದಕ್ಕಿಂತ ಆಳ ಹೆಚ್ಚಿರುವ ಕಡೆ ಬೆಂಡನ್ನು ದಾರಕ್ಕೆ ಬಿಗಿದರೆ ಎಸೆಯಲು ಬಾರದು. ಕಡಲ ಬಂಡೆಯ ಮೇಲೆ ನಾವು ಜಾರುಬೆಂಡು ಕಟ್ಟುತ್ತಿದ್ದೆವು. ಅಲ್ಲಿ ದಿನಕ್ಕೆರಡು ಸಲ ಉಬ್ಬರ, ಎರಡು ಸಲ ಇಳಿತ; ಆಳ ಗಂಟೆಗಂಟೆಗೂ ಬೇರೆ. ದಾರದ ಮೇಲೆ ಬೆಂಡು ಓಡಾಡುವಂತೆ ಬಿಟ್ಟು, ಬೇಕಾದ ಆಳಕ್ಕೆ ಒಂದು ತಡೆಗಂಟು, ಅದರ ಕೆಳಗೊಂದು ಮಣಿ. ಎಸೆಯುವಾಗ ಗಂಟು ರೀಲಿನೊಳಗೆ ಸುತ್ತಿಕೊಂಡು ಹೋಗುತ್ತದೆ, ನೀರಿಗೆ ಬಿದ್ದ ಮೇಲೆ ಬೆಂಡು ಗಂಟಿನವರೆಗೆ ಏರಿ ನಿಲ್ಲುತ್ತದೆ. ಆ ಗಂಟನ್ನು ನಾನು ನೈಲಾನ್ ದಾರದಲ್ಲೇ ಹಾಕುತ್ತಿದ್ದೆ; ಅದು ಕೋಲಿನ ಉಂಗುರಗಳಿಗೆ ತಾಗಿ ತಾಗಿ ಜಾರಿಬಿಡುತ್ತಿತ್ತು. ಸಿರುಮುಗೈಯಲ್ಲಿ, ಭವಾನಿಸಾಗರದ ಹಿನ್ನೀರು ಬಂದು ಮುಗಿಯುವ ಕಡೆ, ದೇವಾಂಗ ನೇಕಾರರೊಬ್ಬರು ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಅವರ ಮನೆಮಾತು ಕನ್ನಡ, ನನ್ನದಕ್ಕಿಂತ ಬೇರೆ ರಾಗದ್ದು. ‘ಆ ದಾರಕ್ಕೆ ಅದೇ ದಾರ ನಿಲ್ಲಲ್ಲ ತಂಬಿ’ ಎಂದು ಜೇಬಿನಿಂದ ಮಗ್ಗದ ರೇಷ್ಮೆ ಎಳೆಯೊಂದನ್ನು ತೆಗೆದು, ನಾಲ್ಕು ಸುತ್ತು ಹಾಕಿ, ಎಂಜಲು ಹಚ್ಚಿ ಬಿಗಿದು ಕೊಟ್ಟರು. ಗಂಟು ಸಾಸಿವೆಗಿಂತ ಸಣ್ಣದು. ಉಂಗುರದಲ್ಲಿ ಸದ್ದಿಲ್ಲದೆ ಹೋಗುತ್ತದೆ, ಬೆರಳಲ್ಲಿ ಒತ್ತಿ ಸರಿಸಿದರೆ ಮಾತ್ರ ಸರಿಯುತ್ತದೆ. ಅಂದಿನಿಂದ ನನ್ನ ಪೆಟ್ಟಿಗೆಯಲ್ಲಿ ರೇಷ್ಮೆಯ ಒಂದು ಸಣ್ಣ ಸುತ್ತು ಇದ್ದೇ ಇರುತ್ತದೆ.

5. ಪಾಲಕ್ಕಾಡಿನ ಗಾಳಿ ನಿಮ್ಮ ಜಗ್ಗನ್ನು ತಿಂದುಹಾಕುತ್ತದೆ

ಪಶ್ಚಿಮಘಟ್ಟದಲ್ಲಿ ಪಾಲಕ್ಕಾಡಿನ ಬಳಿ ಇರುವ ಕಂಡಿಯಿಂದ ಮುಂಗಾರಿನ ಗಾಳಿ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳೆರಡರ ಮೇಲೆ ನೇರ ನುಗ್ಗುತ್ತದೆ. ಉಡುಮಲೈ, ಪಲ್ಲಡಂ ಸುತ್ತ ಗಾಳಿಯಂತ್ರಗಳು ಸಾಲುಸಾಲಾಗಿ ನಿಂತಿರುವುದು ಅದಕ್ಕೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆರೆಯ ಮೇಲೆ ತೆರೆ ಏಳುತ್ತಲೇ ಇರುತ್ತದೆ. ಇಲ್ಲಿಯ ನೆಲ ಪೂರ್ವಕ್ಕೆ ಇಳಿಜಾರು, ನೊಯ್ಯಲ್ ಹರಿಯುವುದೂ ಪೂರ್ವಕ್ಕೆ. ಆದ್ದರಿಂದ ಕೆರೆಗಳ ಏರಿ ಸಾಮಾನ್ಯವಾಗಿ ಪೂರ್ವದ ಕಡೆಗಿರುತ್ತದೆ. ಎಂದರೆ ನಾವು ಕೂರುವ ಕಲ್ಲುಗಳಿಗೇ ಗಾಳಿ ಎದುರಾಗಿ ಬಡಿಯುತ್ತದೆ. ಮೀನೂ ಅಲ್ಲೇ ಇರುತ್ತದೆ, ಗಾಳಿ ತಳ್ಳಿ ತಂದ ಆಹಾರ ಆ ದಡಕ್ಕೆ ಸೇರುವುದರಿಂದ. ಬಿಟ್ಟು ಹೋಗುವಂತಿಲ್ಲ.

ಗಾಳಿ ಮಾಡುವ ಕೆಡುಕು ಎಂದರೆ ನೀರಿನ ಮೇಲೆ ಬಿದ್ದ ದಾರವನ್ನು ಬಿಲ್ಲಿನಂತೆ ಬಗ್ಗಿಸುವುದು. ನೀವು ಎರಡಡಿ ಜಗ್ಗಿದರೆ ಆ ಬಾಗು ನೇರವಾಗುವುದಕ್ಕೇ ಎರಡಡಿ ಖರ್ಚಾಗುತ್ತದೆ, ಕೊಕ್ಕೆಗೆ ಏನೂ ತಲುಪುವುದಿಲ್ಲ. ಜಗ್ಗಿದ್ದು ಹೌದು, ಮೀನಿಗೆ ಗೊತ್ತೇ ಆಗಲಿಲ್ಲ. ಇದಕ್ಕೆ ನಾನು ಕಂಡುಕೊಂಡ ಉತ್ತಮ ಉಪಾಯ ದಾರವನ್ನು ಮುಳುಗಿಸುವುದು. ಬೆಂಡನ್ನು ಬುಡದಲ್ಲಿ ಮಾತ್ರ ದಾರಕ್ಕೆ ಸೇರಿಸಿ. ಬೇಕಾದ ಜಾಗಕ್ಕಿಂತ ಮೂರು ನಾಲ್ಕು ಗಜ ಆಚೆ ಎಸೆದು, ಕೋಲಿನ ತುದಿಯನ್ನು ನೀರೊಳಗೆ ಅದ್ದಿ, ರೀಲನ್ನು ಸರಸರ ತಿರುಗಿಸಿ ಬೆಂಡನ್ನು ಜಾಗಕ್ಕೆ ತನ್ನಿ. ದಾರ ನೀರಿನಡಿ ಇಳಿದುಬಿಡುತ್ತದೆ. ಮೇಲಿನ ತೆರೆ ಅದನ್ನು ಮುಟ್ಟುವುದಿಲ್ಲ. ಎಷ್ಟೇ ಮಾಡಿದರೂ ದಾರ ತೇಲುತ್ತಿದ್ದರೆ ಅದಕ್ಕೆ ಕೈಯ ಎಣ್ಣೆ ಹತ್ತಿದೆ. ಪಾತ್ರೆ ತೊಳೆಯುವ ಸೋಪು ಹಚ್ಚಿದ ಬಟ್ಟೆಯಲ್ಲಿ ಮನೆಯಲ್ಲೇ ಒರೆಸಿ, ತೊಳೆದು ತನ್ನಿ.

6. ಎಲ್ಲಿ ಕೂರಬಹುದು, ಎಲ್ಲಿ ಕೂರಬಾರದು

ಆಳಿಯಾರು, ಅಮರಾವತಿ, ತಿರುಮೂರ್ತಿ, ಭವಾನಿಸಾಗರಗಳ ಮೀನುಗಾರಿಕೆ ತಮಿಳುನಾಡು ಮೀನುಗಾರಿಕೆ ಅಭಿವೃದ್ಧಿ ನಿಗಮದ ಕೈಯಲ್ಲಿದೆ. ಊರ ಕೆರೆಗಳಲ್ಲಿ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ. ಕೇಳಿ, ಒಪ್ಪಿಗೆ ಪಡೆದು, ಆಮೇಲೆ ಕೂರಬೇಕು. ಮರಿ ಬಿಟ್ಟು ಬೆಳೆಸಿದವರ ಹೊಟ್ಟೆಪಾಡು ಅದು. ತಿರುಪ್ಪೂರಿನ ನಂಜರಾಯನ್ ಕೆರೆ ಪಕ್ಷಿಧಾಮ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿ ಗಾಳದ ಮಾತೇ ಬೇಡ. ಅಮರಾವತಿಯಲ್ಲಿ ಮೊಸಳೆಗಳಿವೆ, ಅದೂ ಸಾಕಿದವಲ್ಲ, ಜಲಾಶಯದಲ್ಲೇ ಬದುಕುವ ಕಾಡುಮೊಸಳೆಗಳು. ನೀರಿಗೆ ಕಾಲು ಇಳಿಬಿಟ್ಟು ಕೂರುವ ಚಟ ಇರುವವರು ಅತ್ತ ಹೋಗಲೇಬಾರದು. ಸಿರುಮುಗೈ ಹಿನ್ನೀರಿಗೆ ಸಂಜೆ ಆನೆ ಇಳಿಯುತ್ತದೆ, ಬಿಸಿಲಿರುವಾಗಲೇ ಗಂಟುಮೂಟೆ ಕಟ್ಟಿ.

ಇನ್ನು ತಿರುಪ್ಪೂರಿನ ಕೆಳಗಿನ ನೊಯ್ಯಲ್. ಬಣ್ಣದ ಕಾರ್ಖಾನೆಗಳ ನೀರು ವರ್ಷಗಟ್ಟಲೆ ಈ ಹೊಳೆಗೆ, ಅಲ್ಲಿಂದ ಒರತ್ತುಪಾಳಯಂ ಅಣೆಕಟ್ಟಿಗೆ ಹರಿಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಿಸಿತು, ಹೊರಗೆ ಹನಿ ನೀರೂ ಬಿಡದಂತೆ ಶುದ್ಧೀಕರಿಸಿದರೆ ಮಾತ್ರ ತೆರೆಯಬಹುದು ಎಂದಿತು. ಆದರೂ ಆ ಪಾತ್ರದ ಮೀನನ್ನು ನಾನು ಮನೆಗೆ ತರುವುದಿಲ್ಲ, ಯಾರಿಗೂ ಕೊಡುವುದೂ ಇಲ್ಲ. ಒಂದು ಹೊಳೆಗೆ ಹೀಗಾದುದನ್ನು ನೆನೆದರೆ ಈಗಲೂ ಹೊಟ್ಟೆಯುರಿಯುತ್ತದೆ.

7. ಜಗ್ಗುವುದು ಮಣಿಕಟ್ಟಿನ ಕೆಲಸ

ಬೆಂಡು, ಕೊಕ್ಕೆ, ಎರೆ, ದಾರ ಇಷ್ಟೆಲ್ಲ ಸರಿಯಿದ್ದ ಮೇಲೆ ಕೈಗೆ ಉಳಿಯುವ ಕೆಲಸ ಸ್ವಲ್ಪ. ಕೋಲನ್ನು ಕವಲುಕಡ್ಡಿಯ ಮೇಲೆ ಮಲಗಿಸಿ ಟೀ ಕುಡಿಯುವವನಿಗೆ ಜಿಲೇಬಿ ಸಿಗುವುದಿಲ್ಲ. ಕೈ ಕೋಲಿಗೆ ಹೋಗುವಷ್ಟರಲ್ಲಿ ಉಗುಳಿ ಆಗಿರುತ್ತದೆ. ಕೋಲು ಕೈಯಲ್ಲಿರಲಿ, ತುದಿ ನೀರಿನ ಹತ್ತಿರವಿರಲಿ. ಎತ್ತರದ ಕಲ್ಲಿನ ಮೇಲೆ ನಿಂತು ಕೋಲು ಆಕಾಶಕ್ಕೆತ್ತಿ ಹಿಡಿದರೆ ಜಗ್ಗಲು ಜಾಗವೇ ಉಳಿಯುವುದಿಲ್ಲ.

ಬೆಂಡು ನಡುಗುತ್ತಿರುವಾಗ ಬೇಡ. ನಡುಕ ನಿಂತು ಅದು ಒಂದು ದಿಕ್ಕಿಗೆ ಜಾರತೊಡಗಿದಾಗ, ಪೂರ್ತಿ ಮುಳುಗುವುದಕ್ಕೂ ಕಾಯದೆ, ಬೆಂಡು ಹೋಗುವ ದಿಕ್ಕಿಗೆ ವಿರುದ್ಧವಾಗಿ ಮಣಿಕಟ್ಟನ್ನು ತಿರುಗಿಸಿ. ಹತ್ತಿರದ ಮೀನಿಗೆ ಅಷ್ಟು ಸಾಕು. ದೂರ ಎಸೆದಿದ್ದರೆ ಕೋಲನ್ನು ಪಕ್ಕಕ್ಕೆ ಉದ್ದಕ್ಕೆ ಬೀಸಬೇಕು, ನೈಲಾನ್ ದಾರ ಸ್ವಲ್ಪ ಹಿಗ್ಗುವುದನ್ನೂ ಲೆಕ್ಕಕ್ಕೆ ಇಟ್ಟುಕೊಂಡು. ಭುಜದ ಬಲ ಹಾಕಿ ತಲೆಯ ಮೇಲಿಂದ ಎಳೆಯುವವರು ತುಟಿ ಹರಿಯುತ್ತಾರೆ, ಇಲ್ಲವೇ ಹಿಂದಿನ ಬೇಲಿಗೆ ಕೊಕ್ಕೆ ಸಿಕ್ಕಿಸುತ್ತಾರೆ.

8. ಬೆಂಡು ಅಲುಗಿದ್ದೆಲ್ಲ ಕಚ್ಚಿದ್ದಲ್ಲ

ಮೀನು ಕೂಡಲಿ ಎಂದು ತೌಡು, ಕಡಲೆಕಾಯಿ ಹಿಂಡಿ, ಕೊಬ್ಬರಿ ಹಿಂಡಿಗಳನ್ನು ಉಂಡೆಗಟ್ಟಲೆ ಎಸೆಯುವವರಿದ್ದಾರೆ. ಪೊಳ್ಳಾಚಿ, ಕಾಂಗೇಯಂ ಕಡೆ ಎಣ್ಣೆಗಾಣದ ಹಿಂಡಿ ಸಲೀಸಾಗಿ ಸಿಗುವುದರಿಂದ ಕೈ ತಡೆಯುವುದಿಲ್ಲ. ಅತಿಯಾದರೆ ಆಗುವುದಿಷ್ಟು: ಮೀನು ರಾಶಿಯಾಗಿ ಬರುತ್ತದೆ, ನೀರಿನ ನಡುವೆ ತೇಲುವ ಪುಡಿಯನ್ನು ಹೀರುತ್ತ ಎಲ್ಲೆಂದರಲ್ಲಿ ತಿರುಗುತ್ತದೆ, ಮೈಯಿಂದ, ರೆಕ್ಕೆಯಿಂದ ದಾರವನ್ನು ತಾಗುತ್ತದೆ. ಬೆಂಡು ಗಕ್ಕನೆ ಒಳಹೋಗಿ ತಟಕ್ಕನೆ ಮೇಲೆ ಬರುತ್ತದೆ. ನೀವು ಜಗ್ಗಿದ್ದೇ ಜಗ್ಗಿದ್ದು. ಒಮ್ಮೊಮ್ಮೆ ಹೊಟ್ಟೆಗೋ ಬಾಲಕ್ಕೋ ಕೊಕ್ಕೆ ಸಿಕ್ಕ ಮೀನು ಬರುತ್ತದೆ, ಕೊಕ್ಕೆಯ ಮೇಲೆ ಬರಿದೇ ಒಂದು ಹುರುಪೆ ಅಂಟಿಕೊಂಡು ಬರುತ್ತದೆ. ಹುರುಪೆ ಕಂಡರೆ ತಿಳಿಯಿರಿ, ಅದು ಕಚ್ಚಿದ್ದಲ್ಲ, ತಾಗಿದ್ದು. ಹಿಂಡಿ ಎಸೆಯುವುದನ್ನು ನಿಲ್ಲಿಸಿ, ಬೆಂಡನ್ನು ಆ ಗುಂಪಿನ ಅಂಚಿಗೆ ಸರಿಸಿ. ನಿಂಬೆಹಣ್ಣಿನ ಗಾತ್ರದ ಒಂದು ಉಂಡೆ, ಬೆಂಡಿನ ಬುಡಕ್ಕೇ ಬೀಳುವಂತೆ, ಆಗೊಮ್ಮೆ ಈಗೊಮ್ಮೆ. ಅಷ್ಟೇ ಸಾಕು.

9. ಊರಿಗೆ ಹೋದಾಗ ಕಡಲ ಬಂಡೆಯ ಮೇಲೆ

ಬೈಂದೂರಿನ ಕಡಲಲ್ಲಿ ತೆರೆ ಬೆಂಡನ್ನು ಎತ್ತಿ ಇಳಿಸುತ್ತದೆ, ದಾರ ಒಮ್ಮೆ ಬಿಗಿ ಒಮ್ಮೆ ಸಡಿಲ. ಬೆಂಡು ತೆರೆಯ ನೆತ್ತಿಯಿಂದ ಹಿಂದಕ್ಕೆ ಇಳಿಯುವಾಗ ಸಡಿಲ ಹೆಚ್ಚು; ಆಗ ಜಗ್ಗಿದರೆ ವ್ಯರ್ಥ. ಮೊದಲು ರೀಲನ್ನು ಅರ್ಧ ಸುತ್ತು ತಿರುಗಿಸಿ ದಾರ ಬಿಗಿ ಮಾಡಿಕೊಂಡು ಆಮೇಲೆ ಕೈ ಬೀಸಬೇಕು. ಬಂಡೆಗೆ ಬಡಿದು ನೊರೆಯಾಗುವ ನೀರಿನ ಮೇಲೆ ದಾರ ಬೀಳಬಾರದು. ಕಲ್ಲಿನ ಅಂಚಿನಲ್ಲೇ ಇರುವ ಕೆಂಬೇರಿಯಂಥ ಮೀನು ಎರೆ ಹಿಡಿದ ಕೂಡಲೇ ಬಿಲಕ್ಕೆ ನುಗ್ಗುವುದರಿಂದ ಅಲ್ಲಿ ತಡ ಮಾಡುವಂತಿಲ್ಲ. ಮಳೆಗಾಲದಲ್ಲಿ ಬಂಡೆ ಹತ್ತಲೇಬೇಡಿ. ಒಣಗಿ ಕಾಣುವ ಕಲ್ಲಿನವರೆಗೂ ದೊಡ್ಡ ತೆರೆಯೊಂದು ಬಂದೇ ಬರುತ್ತದೆ, ಪಾಚಿಯ ಮೇಲೆ ಯಾವ ಚಪ್ಪಲಿಯೂ ನಿಲ್ಲುವುದಿಲ್ಲ.

10. ಮೀನು ತಿನ್ನದಿರುವ ಹೊತ್ತೂ ಇದೆ

ಜಿಲೇಬಿ ನಮ್ಮ ನೀರಿನದಲ್ಲ, ಆಫ್ರಿಕದ್ದು. 1952ರಲ್ಲಿ ಭಾರತಕ್ಕೆ ತಂದದ್ದು, ಈಗ ಇಲ್ಲಿಯ ಕೆರೆ, ಅಣೆಕಟ್ಟುಗಳನ್ನೆಲ್ಲ ಆಳುತ್ತಿದೆ. ಗಂಡು ದಡದ ಹತ್ತಿರ ಆಳವಿಲ್ಲದ ನೀರಿನ ತಳದಲ್ಲಿ ತಟ್ಟೆಯಂಥ ಗುಂಡಿ ತೋಡುತ್ತದೆ, ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು ಎಲ್ಲವನ್ನೂ ಬಾಯಲ್ಲಿ ತುಂಬಿಕೊಂಡು ಹೊರಡುತ್ತದೆ. ಮರಿಗಳು ತಮ್ಮ ಪಾಡಿಗೆ ಈಜುವವರೆಗೆ, ಎರಡು ಮೂರು ವಾರ, ಅದು ಹೆಚ್ಚುಕಡಿಮೆ ಉಪವಾಸ. ಗುಂಡಿಯ ಬಳಿ ಸುಳಿದದ್ದನ್ನು ಗಂಡು ಹಾಯ್ದು ಓಡಿಸುತ್ತದೆ. ಆ ಹೊತ್ತಿಗೆ ನಿಮ್ಮ ಎರೆ ಗುಂಡಿಯೊಳಗೆ ಬಿದ್ದರೆ ಅದು ತಿನ್ನುವುದಕ್ಕೆ ಮುಟ್ಟುವುದಿಲ್ಲ, ಆಚೆ ಹಾಕುವುದಕ್ಕೆ ಮುಟ್ಟುತ್ತದೆ. ಮೇಲೆ ಬೆಂಡು ಮತ್ತೆ ಮತ್ತೆ ಅಲುಗುತ್ತದೆ, ಎಷ್ಟು ಜಗ್ಗಿದರೂ ಕೊಕ್ಕೆ ಖಾಲಿ. ಸೀಸ ಬದಲಿಸಿ, ಕೊಕ್ಕೆ ಬದಲಿಸಿ, ಎರೆ ಬದಲಿಸಿ, ಏನು ಮಾಡಿದರೂ ಅಷ್ಟೇ.

ಬೆಳಗಿನ ಬಿಸಿಲು ಓರೆಯಾಗಿ ಬೀಳುವಾಗ ಏರಿಯ ಮೇಲೆ ನಿಂತು ನೋಡಿದರೆ ಈ ಗುಂಡಿಗಳು ಒಂದರ ಪಕ್ಕ ಒಂದು ಕಾಣುತ್ತವೆ, ತಳದ ಕೆಸರಿಗಿಂತ ಬಿಳಿಚಾಗಿ. ಕಂಡರೆ ಅವುಗಳಿಂದ ಹತ್ತು ಹೆಜ್ಜೆ ಆಚೆ, ಆಳ ಶುರುವಾಗುವ ಕಡೆ ಬೆಂಡು ಹಾಕಿ. ಗುಂಡಿಯ ಗೊಡವೆಯಿಲ್ಲದೆ ತಿರುಗಾಡುವ ಮೀನುಗಳು ಮೇಯುವುದು ಅಲ್ಲಿ.